ಸೋತವರ ಪಂಕ್ತಿಯಲ್ಲಿ ರೆಫ್ರಿ

ಮುಗಿದದ್ದನ್ನು ಮುಗಿಯಿತು ಎಂದು ಒಪ್ಪಿಕೊಳ್ಳಲು ನನಗೆ ಬರುವುದಿಲ್ಲ. ನೆಂಟರ ಮನೆಯಿಂದ ಹೊರಟೆನೆಂದರೆ ಜಗುಲಿಯಲ್ಲಿ ನಿಂತು ಅರ್ಧ ಗಂಟೆ, ಚಪ್ಪಲಿ ಮೆಟ್ಟಿದ ಮೇಲೆ ಅಂಗಳದಲ್ಲಿ ಹತ್ತು ನಿಮಿಷ, ಗೇಟು ದಾಟುವಾಗ ಮತ್ತೊಂದು ಹೊಸ ವಿಷಯ. ಅಷ್ಟರಲ್ಲಿ ನನ್ನ ಹೆಂಡತಿ ಸರೋಜ ಬಸ್‌ಸ್ಟ್ಯಾಂಡ್ ಮುಟ್ಟಿ, ಒಂದು ಬಸ್ಸನ್ನು ಬಿಟ್ಟುಕೊಟ್ಟು, ಮುಂದಿನದರ ಹೊತ್ತು ವಿಚಾರಿಸಿರುತ್ತಾಳೆ. ಭಾಷಣಕ್ಕೆ ನಿಂತರೆ 'ಕೊನೆಯದಾಗಿ ಒಂದು ಮಾತು' ಎಂದು ನಾನು ಕಡಿಮೆಯೆಂದರೆ ನಾಲ್ಕು ಸಲ ಹೇಳುತ್ತೇನಂತೆ; ಮುಂದಿನ ಸಾಲಿನ ಗೆಳೆಯರು ಬೆರಳು ಮಡಿಸಿ ಎಣಿಸುತ್ತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡು ನಾನೂ ಆರಾಮಾಗಿದ್ದೆ. ಬಸ್ ತಪ್ಪುವುದು ಬಿಟ್ಟರೆ ಇದರಿಂದ ಯಾರಿಗೂ ಕೇಡಾಗಿರಲಿಲ್ಲ. ಹೋದ ಚಳಿಗಾಲದ ಒಂದು ಭಾನುವಾರ ಹೊಸನಗರದ ಮೈದಾನದಲ್ಲಿ ಆಯಿತು, ಅದೂ ಏನೂ ತಪ್ಪು ಮಾಡದ ಒಬ್ಬ ಹುಡುಗಿಗೆ. ಅದನ್ನು ನಿಮ್ಮ ಹತ್ತಿರ ಹೇಳಿಬಿಡಬೇಕು.

ನಾನು ಯಾರೆಂದು ಮೊದಲು ಹೇಳುತ್ತೇನೆ. ಸಾಗರದಲ್ಲಿ ಹಾರ್ಮೋನಿಯಂ ಮೇಷ್ಟ್ರು. ಹೈಸ್ಕೂಲೊಂದರಲ್ಲಿ ಸಂಗೀತ ಕಲಿಸಿ ನಿವೃತ್ತನಾಗಿದ್ದೇನೆ, ಮನೆಯಲ್ಲಿ ಪಾಠ ನಡೆಯುತ್ತದೆ. ಭಾನುವಾರಗಳಲ್ಲಿ ಫುಟ್‌ಬಾಲ್ ರೆಫ್ರಿ. ಉಳಿದ ಹೊತ್ತಿನಲ್ಲಿ ಸಮಾಜವಾದಿ. ಈ ಮೂರು ಒಬ್ಬನಲ್ಲೇ ಹೇಗೆ ಸೇರಿದವು ಎಂದು ಜನ ಕೇಳುತ್ತಾರೆ. ಮೂರರಲ್ಲಿಯೂ ಗಂಟಲು ಬೇಕು, ಮೂರರಲ್ಲಿಯೂ ದುಡ್ಡಿಲ್ಲ ಎಂದು ಉತ್ತರ ಕೊಟ್ಟು ನಗಿಸುತ್ತೇನೆ. ನಿಜವಾದ ಕಾರಣ ನಾನು ಬೆಳೆದ ಕಾರ್ಗಲ್.

ಕಾರ್ಗಲ್ಲಿನ ಕಾಲೊನಿಯಲ್ಲಿ ಅಪ್ಪ ಪವರ್‌ಹೌಸಿನ ಹೆಲ್ಪರ್. ಅಣೆಕಟ್ಟಿನ ಕೆಲಸಕ್ಕೆಂದು ಕೇರಳದಿಂದ ಬಂದವರು ತಮ್ಮ ಟ್ರಂಕುಗಳ ಜೊತೆಗೆ ಫುಟ್‌ಬಾಲನ್ನೂ ತಂದಿದ್ದರು. ಹಾಗಾಗಿ ಸುತ್ತಲ ಊರುಗಳ ಹುಡುಗರು ತೆಂಗಿನ ಹೆಡೆಮಟ್ಟೆಯಲ್ಲಿ ಬ್ಯಾಟು ಕೆತ್ತುತ್ತಿದ್ದ ಕಾಲಕ್ಕೆ ನಾವು ಬರಿಗಾಲಲ್ಲಿ ಚೆಂಡು ಒದೆಯುತ್ತಿದ್ದೆವು. ಪಕ್ಕದ ಕ್ವಾರ್ಟರ್ಸಿನ ಸ್ಟೋರ್‌ಕೀಪರ್ ಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತು. ಸಂಜೆ ಮೊಣಕಾಲಿನ ರಕ್ತ ಒರೆಸಿಕೊಂಡು ಅವರ ಮುಂದೆ ಕೂರುತ್ತಿದ್ದೆ. ರಾಜಕೀಯ ಅಪ್ಪನಿಂದ ಬಂತು. ನಮ್ಮಜ್ಜ ಗೇಣಿಗೆ ಗದ್ದೆ ಮಾಡಿದವರು, ಬೆಳೆದ ಭತ್ತವನ್ನು ಒಡೆಯರ ಅಂಗಳದಲ್ಲಿ ಅಳೆದುಕೊಟ್ಟು ಬರಿಗೈಯಲ್ಲಿ ಬಂದವರು. ಉಳುವವನೇ ಹೊಲದೊಡೆಯ ಎಂಬ ಮಾತು ನಮ್ಮ ಮನೆಯಲ್ಲಿ ಊಟದ ಮಧ್ಯೆ, ಉಪ್ಪಿನಕಾಯಿ ಕೇಳುವ ದನಿಯಲ್ಲಿ ಬರುತ್ತಿತ್ತು. ಅಪ್ಪ ಮೈದಾನದ ಅಂಚಿಗೆ ಬಂದು ನಿಂತರೆ ಕೂಗುತ್ತಿದ್ದದ್ದು ಒಂದೇ: ಚೆಂಡು ಇಟ್ಕೋಬೇಡ, ಕೊಡು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಮೆರೆಯುವವನಿಗೆ ಅವರಿಟ್ಟ ಹೆಸರು 'ಜಮೀನ್ದಾರ'. ಆಮೇಲೆ ಎಷ್ಟೋ ದಪ್ಪ ಪುಸ್ತಕ ಓದಿದೆ. ಆ ಬೈಗುಳದಷ್ಟು ಚೆನ್ನಾಗಿ ಯಾವುದೂ ಸಮಾಜವಾದವನ್ನು ಹೇಳಿಕೊಡಲಿಲ್ಲ.

ಈ ಕತೆಯಲ್ಲಿ ಒಬ್ಬ ನಿಜವಾದ ಜಮೀನ್ದಾರರ ಮೊಮ್ಮಗನೂ ಇದ್ದಾನೆ. ಧರ್ಮಪ್ಪ ಗೌಡ, ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯವನು. ಕಾಲೇಜಿನ ದಿನಗಳಲ್ಲಿ ಒಂದು ಮೆರವಣಿಗೆಯಲ್ಲಿ ಸಿಕ್ಕಿದ. ಘೋಷಣೆಗೆ ಎಲ್ಲರೂ ಮುಷ್ಟಿ ಎತ್ತಿದರೆ ಇವನು ಮುಷ್ಟಿ ಎತ್ತುವುದರ ಜೊತೆಗೆ ಇನ್ನೊಂದು ಕೈಯಿಂದ ಪಕ್ಕದವನ ಬೆನ್ನ ಮೇಲೆ ತಾಳ ಹಾಕುತ್ತಿದ್ದ. ಆ ಪಕ್ಕದವನು ನಾನು. ಅವನ ಅಜ್ಜ ಗೇಣಿ ತೆಗೆದುಕೊಂಡವರು, ನನ್ನ ಅಜ್ಜ ಕೊಟ್ಟವರು. ಇಬ್ಬರು ಮೊಮ್ಮಕ್ಕಳೂ ಸೇರಿ ಒಂದೇ ಘೋಷಣೆ ಕೂಗಿ, ಒಂದೇ ಹೋಟೆಲಿನಲ್ಲಿ ಅರ್ಧರ್ಧ ಟೀ ಕುಡಿದೆವು. ಅವನು ತಬಲ ಕಲಿತ, ನಾನು ಹಾಡು. ಮೂವತ್ತು ವರ್ಷದಿಂದ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅವನು ತಬಲ ಹೊತ್ತುಕೊಂಡು ಸಾಗರಕ್ಕೆ ಬರುತ್ತಾನೆ. ಕೇಳುವವರು ಸರೋಜ ಮತ್ತು ಎದುರುಮನೆಯ ನಾಯಿ. ಜಗಳವೂ ಬೇಕಾದಷ್ಟು ಆಗಿದೆ: ಯಾರಿಗೆ ಓಟು, ಯಾವ ರಾಗಕ್ಕೆ ಯಾವ ಲಯ, ಯಾವ ದೇಶದ ತಂಡ. ಅವನಿಗೆ ಗೋಲು ಕಾಯುವವರು ದೇವರು, ನನಗೆ ಪಾಸು ಕೊಡುವವರು. ಮಾತು ಬಿಟ್ಟದ್ದು ಮಾತ್ರ ಇಲ್ಲ.

ಫುಟ್‌ಬಾಲಿನ ಹುಚ್ಚು ಅವನಿಗೆ ಹತ್ತಿಸಿದ್ದು ನಾನೇ. ಈಗ ಅವನು ತೀರ್ಥಹಳ್ಳಿಯ ಹೆಣ್ಣುಮಕ್ಕಳ ತಂಡವೊಂದಕ್ಕೆ ಕೋಚು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ತಂಡಗಳು ಸೇರಿ ಆಡುವ ಒಂದು ಕಪ್ ಇದೆ. ಅದನ್ನು ಶುರು ಮಾಡಿದವರು ನಮ್ಮ ಹಳೆಯ ಗೆಳೆಯರ ಬಳಗ, ಆದ್ದರಿಂದ ಅದರ ನಿಯಮಗಳು ಜಗತ್ತಿನ ಬೇರೆಲ್ಲೂ ಇಲ್ಲ. ಫೈನಲ್ ಡ್ರಾ ಆದರೆ ಪೆನಾಲ್ಟಿ ಹೊಡೆಸುವುದಿಲ್ಲ, ಏಕೆಂದರೆ ಪೆನಾಲ್ಟಿ ಎಂಬುದು ಲಾಟರಿ, ಲಾಟರಿ ಎಂಬುದು ಬಡವರ ಶೋಷಣೆ. ಕಪ್ಪು ಆರು ತಿಂಗಳು ಈ ತಂಡದ ಹತ್ತಿರ, ಆರು ತಿಂಗಳು ಆ ತಂಡದ ಹತ್ತಿರ. ಇನ್ನೊಂದು ನಿಯಮ ಊಟದ್ದು. ಪಂದ್ಯ ಮುಗಿದ ಮೇಲೆ ಎರಡೂ ತಂಡ ಎದುರುಬದುರು ಪಂಕ್ತಿಯಲ್ಲಿ ಕೂತು ಉಣ್ಣಬೇಕು, ರೆಫ್ರಿ ಸೋತವರ ಪಂಕ್ತಿಯಲ್ಲಿ ಕೂರಬೇಕು. ತೀರ್ಪು ಕೊಟ್ಟವನು ಅದರ ಪೆಟ್ಟು ತಿಂದವರ ಪಕ್ಕದಲ್ಲಿ ಕೂತು ಅನ್ನ ಕಲಸಬೇಕು ಎಂಬುದು ತಾತ್ಪರ್ಯ. ಈ ಎರಡನೆಯ ನಿಯಮವನ್ನು ಸೂಚಿಸಿದವನು ನಾನು. ಅವತ್ತು ಚಪ್ಪಾಳೆಯೂ ಬಿದ್ದಿತ್ತು.

ಹೋದ ಚಳಿಗಾಲದ ಫೈನಲ್ ಕಾರ್ಗಲ್ಲಿಗೂ ತೀರ್ಥಹಳ್ಳಿಗೂ ಬಿತ್ತು. ಹುಟ್ಟಿದ ಕೇರಿ ಒಂದು ಕಡೆ, ಧರ್ಮಪ್ಪ ಇನ್ನೊಂದು ಕಡೆ, ನಡುವೆ ಸೀಟಿ ಹಿಡಿದ ನಾನು. ಬೇರೆ ಯಾರಾದರೂ ಊದಲಿ ಎಂದೆ. ಎರಡೂ ಕಡೆಯವರು ನೀವೇ ಆಗಬೇಕು, ನಿಮ್ಮ ಮೇಲೆ ನಂಬಿಕೆ ಎಂದರು. ಹಿಗ್ಗಿಹೋದೆ. ನನ್ನ ಆಸ್ತಿ ಎಂದರೆ ಅದೊಂದೇ, ಮೇಷ್ಟ್ರು ಯಾರ ಕಡೆಗೂ ವಾಲುವವರಲ್ಲ ಎಂಬ ಹೆಸರು.

ಆಟ ಬಿಗಿಯಾಗಿತ್ತು. ಎಂಬತ್ತು ನಿಮಿಷ ಯಾರಿಗೂ ಗೋಲಿಲ್ಲ. ತೀರ್ಥಹಳ್ಳಿಯ ಗೋಲಿನಲ್ಲಿ ನಿಂತವಳು ರಕ್ಷಿತಾ, ಬಿ.ಕಾಂ. ಓದುವ ಹುಡುಗಿ, ಮಾತು ಕಡಿಮೆ. ಕಾರ್ಗಲ್ಲಿನವರು ಹೊಡೆದ ಆರೇಳು ಚೆಂಡುಗಳನ್ನು ಹಾರಿ ಹಿಡಿದಿದ್ದಳು. ನಮ್ಮ ಕಪ್ಪಿನಲ್ಲಿ ಅರ್ಧಕ್ಕೆ ನಲವತ್ತು ನಿಮಿಷ. ಪೆಟ್ಟು, ನೀರು ಎಂದು ಹಾಳಾದ ಹೊತ್ತಿಗೆ ಎರಡು ನಿಮಿಷ ಸೇರಿಸಿದೆ. ಅದನ್ನು ಎರಡು ಬೆರಳೆತ್ತಿ ಎಲ್ಲರಿಗೂ ತೋರಿಸಿಯೂ ಆಯಿತು. ಗೆರೆಯಾಚೆ ನಿಂತ ಧರ್ಮಪ್ಪ ತೊಡೆಯ ಮೇಲೆ ಬೆರಳಾಡಿಸುತ್ತ ಎಣಿಸುತ್ತಿದ್ದ. ತಬಲದವರಿಗೆ ವಾಚು ಬೇಡ.

ಎರಡು ನಿಮಿಷ ಮುಗಿದಾಗ ನಾನು ವಾಚು ನೋಡಿದೆ. ಮುಗಿದಿತ್ತು. ಸೀಟಿ ತುಟಿಯ ಮೇಲಿತ್ತು. ಅಷ್ಟರಲ್ಲಿ ಕಾರ್ಗಲ್ಲಿನ ಹುಡುಗಿಯರು ಬಲಗಡೆಯಿಂದ ಒಂದು ಸಣ್ಣ ಪಾಸು ಕೊಟ್ಟರು. ಅಷ್ಟೇ ತೂಕದ, ಅಷ್ಟೇ ಉದ್ದದ ಇನ್ನೊಂದು ಪಾಸು. ನಮ್ಮ ಸಂಗೀತದಲ್ಲಿ ತಿಹಾಯಿ ಎಂದೊಂದಿದೆ: ಒಂದೇ ತುಣುಕನ್ನು ಮೂರು ಸಲ ಹೇಳುವುದು, ಮೂರನೆಯದರ ಕೊನೆಯ ಪೆಟ್ಟು ತಾಳದ ಮೊದಲ ಮಾತ್ರೆಯ ಮೇಲೆ, ಅಂದರೆ ಸಮದ ಮೇಲೆ, ಬಂದು ಕೂರಬೇಕು. ಎರಡು ಸಲ ಕೇಳಿದ ಮೇಲೆ ಮೂರನೆಯದಕ್ಕೆ ಕಾಯದ ಕಿವಿ ಹಾಡುಗಾರನ ಕಿವಿಯೇ ಅಲ್ಲ. ಎರಡು ಪಾಸು ಆಗಿತ್ತು. ನಾನು ಕಾದೆ. ಮೂರನೆಯದೂ ಬಂತು, ಅದೇ ತೂಕದಲ್ಲಿ, ಎಡಗಡೆಯ ಹುಡುಗಿಯ ಕಾಲಿಗೆ. ಅವಳು ಹೊಡೆದಳು. ಚೆಂಡು ಬಲೆಗೆ ತಾಗಿದ ಕ್ಷಣಕ್ಕೆ ಸರಿಯಾಗಿ ಸೀಟಿ ಊದಿದೆ. ಒಳಗಿನಿಂದ 'ವಾಹ್' ಎಂದದ್ದೂ ನೆನಪಿದೆ. ಆಮೇಲೆ ವಾಚು ನೋಡಿದೆ. ಹನ್ನೊಂದು ಸೆಕೆಂಡು ಹೆಚ್ಚಾಗಿತ್ತು.

ಆಮೇಲೆ ಗೋಲಿನ ಕಡೆ ನೋಡಿದೆ. ರಕ್ಷಿತಾ ಬಲಗೈಯ ಗ್ಲೌಸನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದಳು. ಅವಳೂ ಎಣಿಸುತ್ತಿದ್ದಳಂತೆ. ಧರ್ಮಪ್ಪನ ಕಡೆ ನೋಡಿದ್ದಾಳೆ, ಅವನು ಮುಗಿಯಿತು ಎಂದು ಮುಷ್ಟಿ ಎತ್ತಿದ್ದಾನೆ, ಇವಳು ಗ್ಲೌಸು ಬಿಚ್ಚಿದ್ದಾಳೆ. ಚೆಂಡು ಹೋದದ್ದು ಬರಿಗೈಯ ಪಕ್ಕದಿಂದ.

ಕಾರ್ಗಲ್ಲಿನವರು ಕುಣಿದರು. ನನ್ನನ್ನು ಅಪ್ಪಿಕೊಳ್ಳಲು ಬಂದ ಬಾಲ್ಯದ ಗೆಳೆಯನೊಬ್ಬನನ್ನು ರೆಫ್ರಿಯನ್ನು ಮುಟ್ಟಬಾರದು ಎಂದು ಗದರಿಸಿದೆ. ಯಾವ ಕಡೆಗೂ ವಾಲದವನು ನೋಡಿ!

ಊಟಕ್ಕೆ ಸೋತವರ ಪಂಕ್ತಿಯಲ್ಲಿ ಕೂತೆ. ಎಡಕ್ಕೆ ಧರ್ಮಪ್ಪ, ಬಲಕ್ಕೆ ರಕ್ಷಿತಾ. ಎಲೆಯ ಮೇಲೆ ಅನ್ನ, ಸಾರು, ಕೇಸರಿಬಾತು. ರಕ್ಷಿತಾ ಅನ್ನವನ್ನು ಕಲಸಿ ಉಂಡೆ ಮಾಡುವುದು, ಬಿಡಿಸುವುದು, ಮತ್ತೆ ಉಂಡೆ ಮಾಡುವುದು. ಒಂದು ಅಗುಳೂ ಬಾಯಿಗೆ ಹೋಗಲಿಲ್ಲ. ಕೊನೆಗೆ ನನ್ನ ಕಡೆ ತಿರುಗದೆಯೇ, ಎಲೆಯನ್ನೇ ನೋಡುತ್ತ ಕೇಳಿದಳು.

"ಸರ್, ನಾನು ಎಣ್ಸಿದ್ದು ತಪ್ಪಾಯ್ತಾ?"

ಆ ಹೊತ್ತಿಗೆ ಒಂದೇ ಒಂದು ಶಬ್ದ ಸಾಕಿತ್ತು, ಇಲ್ಲ ಎಂದಿದ್ದರೆ ಆಗಿತ್ತು. ನಾನು ಮೇಷ್ಟ್ರ ದನಿ ತೆಗೆದು, "ಸೀಟಿ ಆಗೋ ತನಕ ಆಟ ಮುಗಿಯೋದಿಲ್ಲ ಕಣಮ್ಮ" ಎಂದೆ. ನಿಯಮದ ಪ್ರಕಾರ ನಿಜ. ಅವಳ ಪ್ರಶ್ನೆಗೆ ಮಾತ್ರ ಅದು ಅಪ್ಪಟ ಸುಳ್ಳು. ಧರ್ಮಪ್ಪ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಡಿಸುವವರನ್ನು ಕರೆದು ಮಜ್ಜಿಗೆ ಕೇಳಿದ.

ಮನೆಗೆ ಬರುವ ಬಸ್ಸಿನಲ್ಲಿ ನನ್ನ ವಕೀಲ ನಾನೇ ಆದೆ. ಫುಟ್‌ಬಾಲಿನ ನಿಯಮಪುಸ್ತಕ ರೆಫ್ರಿಯ ಪರವಾಗಿದೆ. ಕಾಲ ಎಷ್ಟೆಂದು ಹೇಳುವ ಅಧಿಕಾರ ಅವನೊಬ್ಬನದು. ಅವನ ವಾಚೇ ವಾಚು. ಎರಡು ನಿಮಿಷ ಎಂದರೆ ಕಡಿಮೆಯೆಂದರೆ ಎರಡು ನಿಮಿಷ, ಬೇಕಾದರೆ ಇನ್ನಷ್ಟು ಬೆಳೆಸಬಹುದು. ಹೀಗಾಗಿ ನಾನು ತಪ್ಪು ಮಾಡಿಯೇ ಇಲ್ಲ ಎಂಬ ತೀರ್ಮಾನಕ್ಕೆ ಬರುವಷ್ಟರಲ್ಲಿ ಬಸ್ಸು ಸಾಗರದ ಹತ್ತಿರ ಬಂದಿತ್ತು. ಆಗ ನನ್ನ ವಾದ ನನ್ನ ಕಿವಿಗೇ ಬಿತ್ತು. ಕಾಲ ನಾನು ಹೇಳಿದಷ್ಟು, ನಿಯಮ ನನ್ನ ಕಿಸೆಯಲ್ಲಿ, ತೊಂದರೆಯಾದವರು ನಿಯಮ ಓದಿಕೊಳ್ಳಲಿ: ಈ ದನಿಯನ್ನು ನಾನು ಬಲ್ಲೆ. ಜೀವಮಾನವಿಡೀ ಇದರ ವಿರುದ್ಧ ಕೂಗಿದ್ದೇನೆ. ಅಜ್ಜ ಭತ್ತ ಅಳೆದುಕೊಟ್ಟ ಅಂಗಳದಲ್ಲಿ ಅಳತೆಯ ಕೊಳಗ ಯಾರದಾಗಿತ್ತು ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು. ಕೊಳಗ ಒಡೆಯರದು, ಅಳೆದದ್ದೇ ಅಳತೆ.

ಇದಕ್ಕೆ ಸಂಗೀತವನ್ನಷ್ಟೇ ದೂರುವುದು ಸರಿಯಲ್ಲ. ಸ್ವಲ್ಪ ಪಾಲು ಹಿನ್ನೀರಿನ ದಡದ ಹೊಳೆಬಾಗಿಲಿನದೂ ಇದೆ. ಚಿಕ್ಕವನಿದ್ದಾಗ ಅಮ್ಮನ ಜೊತೆ ಸಿಗಂದೂರಿಗೆ ಹೋಗಲು ಅಲ್ಲಿ ಲಾಂಚು ಹತ್ತುತ್ತಿದ್ದೆವು. ಹೊರಡುವ ಹೊತ್ತಾಗಿ, ಹಗ್ಗ ಬಿಚ್ಚಿ, ಇಂಜಿನ್ನು ಗುಡುಗುಟ್ಟತೊಡಗಿದ ಮೇಲೂ ದಿಣ್ಣೆಯ ಮೇಲಿಂದ ಯಾರಾದರೂ ಓಡಿಬರುತ್ತಿದ್ದರೆ ಲಾಂಚಿನವನು ಬಿಡುತ್ತಿರಲಿಲ್ಲ. ಕೈಯಲ್ಲಿ ಚೀಲ, ಕಂಕುಳಲ್ಲಿ ಮಗು, ಏದುಸಿರು. ಎಲ್ಲರೂ ಅವರಿಗಾಗಿ ಕಾಯುತ್ತಿದ್ದರು, ಗೊಣಗುತ್ತ ಕಾಯುತ್ತಿದ್ದರು. ಓಡಿಬರುವವರನ್ನು ಕಂಡೂ ಬಿಟ್ಟುಹೋಗುವುದು ನಮ್ಮ ಕಡೆ ಪಾಪಕ್ಕೆ ಸಮಾನ. ಈಗ ಹಿನ್ನೀರಿಗೆ ಸೇತುವೆ ಬಂದಿದೆ, ಕಾಯುವ ಪ್ರಶ್ನೆಯಿಲ್ಲ. ನನ್ನೊಳಗಿನ ಲಾಂಚು ಮಾತ್ರ ಇನ್ನೂ ದಡದಲ್ಲೇ ಇದೆ. ಆವತ್ತು ಕಾರ್ಗಲ್ಲಿನ ಹುಡುಗಿಯರು ಓಡಿಬರುತ್ತಿದ್ದರು, ನಾನು ಕಾದೆ. ಆದರೆ ಕಾಯುವವನು ಯಾರ ಹೊತ್ತನ್ನು ತೆಗೆದು ಯಾರಿಗೆ ಕೊಡುತ್ತಿದ್ದೇನೆ ಎಂದು ನೋಡಬೇಕಲ್ಲ. ಅದನ್ನು ನೋಡಲಿಲ್ಲ.

ಎರಡು ದಿನದಲ್ಲಿ ಒಂದು ವಿಡಿಯೋ ಬಂತು. ಪ್ರೇಕ್ಷಕರಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದದ್ದು. ರಕ್ಷಿತಾ ಗ್ಲೌಸು ಬಿಚ್ಚುತ್ತಾಳೆ, ಚೆಂಡು ಹೋಗುತ್ತದೆ, ಅವಳು ಬಾಯಿ ತೆರೆದು ನಿಲ್ಲುತ್ತಾಳೆ. ಹಿಂದಿನಿಂದ ನಗುವ ಸದ್ದು ಸೇರಿಸಿದ್ದರು. ಆಟ ಮುಗಿಯುವ ಮೊದಲೇ ಅಡುಗೆಮನೆಗೆ ಹೊರಟಳು ಎಂದು ಒಬ್ಬ ಬರೆದಿದ್ದ. ಅದಕ್ಕೆ ಸಾಲುಸಾಲು ನಗುಮುಖ. ಮೂರೂ ತಾಲ್ಲೂಕಿನ ಗ್ರೂಪುಗಳಲ್ಲಿ ಅದು ಸುತ್ತಿತು. ನನ್ನ ಹಾರ್ಮೋನಿಯಂ ಶಿಷ್ಯರ ಗ್ರೂಪಿಗೂ ಬಂತು, ನಾನು ನೋಡಿಲ್ಲದವನ ಹಾಗೆ ಸುಮ್ಮನಿದ್ದೆ. ವಾರ ಕಳೆಯುವಷ್ಟರಲ್ಲಿ ರಕ್ಷಿತಾ ಅಭ್ಯಾಸಕ್ಕೆ ಬರುವುದು ಬಿಟ್ಟಳು, ಕಾಲೇಜಿನಲ್ಲಿ 'ಗ್ಲೌಸು' ಎಂದು ಕರೆಯುತ್ತಾರಂತೆ ಎಂಬ ಸುದ್ದಿ ಮುಟ್ಟಿತು. ಧರ್ಮಪ್ಪನಿಂದ ಮಾತ್ರ ಒಂದು ಫೋನೂ ಇಲ್ಲ. ಮೂವತ್ತು ವರ್ಷದಲ್ಲಿ ಅದು ಮೊದಲ ಸಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪತ್ರಿಕೆಯ ಓದುಗರ ಪತ್ರದ ಅಂಕಣದಲ್ಲಿ ನನ್ನಷ್ಟು ರಾಜೀನಾಮೆ ಕೇಳಿದವರು ಈ ಜಿಲ್ಲೆಯಲ್ಲಿ ಇರಲಾರರು. ರಸ್ತೆ ಕುಸಿದರೆ ಕೇಳಿದ್ದೇನೆ, ಪರೀಕ್ಷೆ ಕೆಟ್ಟರೆ ಕೇಳಿದ್ದೇನೆ. ತಪ್ಪು ಒಪ್ಪಿಕೊಳ್ಳುವುದು ಪ್ರಜಾಪ್ರಭುತ್ವದ ಮೊದಲ ಪಾಠ ಎಂದು ನಾನು ಬರೆದದ್ದನ್ನು ಕತ್ತರಿಸಿ ಅಂಟಿಸಿಯೂ ಇಟ್ಟಿದ್ದೇನೆ. ಈಗ ನಾನೇ ಬರೆಯಲು ಕೂತೆ. ಹಾಳೆ ತುಂಬುತ್ತ ಹೋಯಿತು. ಕಾಲದ ಕಲ್ಪನೆಯ ಬಗ್ಗೆ, ಗಡಿಯಾರ ಬರುವ ಮುಂಚೆ ಜನ ನೆರಳು ನೋಡಿ ಹೊತ್ತು ಹೇಳುತ್ತಿದ್ದದ್ದರ ಬಗ್ಗೆ, ವಿಳಂಬ ಲಯದಲ್ಲಿ ಒಂದು ಮಾತ್ರೆ ಎಷ್ಟು ಹಿಗ್ಗಬಲ್ಲದು ಎಂಬುದರ ಬಗ್ಗೆ, ಕ್ರೀಡೆಯಲ್ಲಿ ಲಾಭಕೋರತನದ ಬಗ್ಗೆ. ಐದು ಹಾಳೆಯಾಯಿತು. ಸರೋಜಳಿಗೆ ಓದಲು ಕೊಟ್ಟೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕೈ ಒರೆಸಿಕೊಂಡು ಪೂರ್ತಿ ಓದಿದಳು.

ಇದರಲ್ಲಿ ನಿಮ್ಮ ತಪ್ಪು ಎಲ್ಲಿದೆ ಎಂದು ಕೇಳಿದಳು. ಐದನೆಯ ಹಾಳೆಯ ಕೆಳಗೆ ಎಂದೆ. ಅವಳು ಆ ಹಾಳೆಯನ್ನು ಮತ್ತೊಮ್ಮೆ ನೋಡಿ, ಮಡಿಸಿ ನನ್ನ ಕೈಗೆ ಕೊಟ್ಟಳು.

"ಆ ಹುಡುಗಿ ಹೆಸರೇ ಇಲ್ವಲ್ರೀ ಇದ್ರಲ್ಲಿ."

ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ನಾನು ಆ ಐದು ಹಾಳೆಯನ್ನು ಹಾರ್ಮೋನಿಯಂ ಪೆಟ್ಟಿಗೆಯೊಳಗೆ ತುರುಕಿ ಮುಚ್ಚಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಒಪ್ಪಿಕೊಂಡರೆ ಹುಟ್ಟಿದ ಕೇರಿಗೆ ಗೆಲುವು ಕೊಟ್ಟ ಮೇಷ್ಟ್ರು ಎನ್ನುತ್ತಾರೆ. ಗೌಡರ ತಂಡದ ಮೇಲೆ ಗೇಣಿದಾರನ ಮೊಮ್ಮಗ ಹಳೆಯ ಸೇಡು ತೀರಿಸಿಕೊಂಡ ಎನ್ನುವವರೂ ಇರುತ್ತಾರೆ. ಈಗಿನ ಕಾಲದಲ್ಲಿ ಯಾವ ಸಣ್ಣ ಮಾತಿಗೂ ಜಾತಿ, ಪಕ್ಷದ ಬಾಲ ಅಂಟಲು ಒಂದು ಗಳಿಗೆ ಸಾಕು. ಹನ್ನೊಂದು ಸೆಕೆಂಡು ಹೋಗಿ ಅರವತ್ತು ವರ್ಷದ ಹೆಸರನ್ನು ತಿಂದುಬಿಟ್ಟರೆ?

ತಿಂಗಳ ಮೊದಲ ಭಾನುವಾರ ಬಂತು. ಧರ್ಮಪ್ಪ ಬರುವುದಿಲ್ಲ ಎಂದುಕೊಂಡಿದ್ದೆ, ಬರದಿರಲಿ ಎಂದೂ ಒಳಗೊಳಗೆ ಅನ್ನಿಸಿತ್ತು. ಒಂಬತ್ತಕ್ಕೆ ಸರಿಯಾಗಿ ತಬಲ ಹೊತ್ತುಕೊಂಡು ಬಂದ. ಸರೋಜ ಕೊಟ್ಟ ದೋಸೆ ತಿಂದ, ಅವಳ ಮಂಡಿನೋವು ವಿಚಾರಿಸಿದ, ನನ್ನ ಹತ್ತಿರ ಶ್ರುತಿ ಯಾವುದು ಎಂದಷ್ಟೇ ಕೇಳಿ ಸುತ್ತಿಗೆ ಹಿಡಿದು ತಬಲ ಹದ ಮಾಡಿಕೊಂಡ. ಜೌನಪುರಿ ರಾಗ ಹಾಡಿದೆ. ಬಾಯಿ ಹಾಡುತ್ತಿತ್ತು, ಕಣ್ಣು ಅವನ ಬೆರಳಿನ ಮೇಲಿತ್ತು. ಅವನು ಬಹಳ ಚೆನ್ನಾಗಿ ನುಡಿಸಿದ, ನನಗೆ ಇನ್ನಷ್ಟು ಭಯವಾಗುವಷ್ಟು ಚೆನ್ನಾಗಿ. ಕೊನೆಗೆ ನಾನು ತಿಹಾಯಿ ತೆಗೆದೆ. ಒಂದು ಸಲ, ಅವನ ಕೈ ಜೊತೆಗೆ ಬಂತು. ಎರಡು ಸಲ, ಬಂತು. ಮೂರನೆಯದರ ಕೊನೆಗೆ, ಇನ್ನೊಂದೇ ಪೆಟ್ಟು ಬಾಕಿ ಇದೆ ಎನ್ನುವಾಗ, ಅವನು ಎರಡೂ ಕೈಯನ್ನು ತಬಲದಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡುಬಿಟ್ಟ.

ನಾನು ಬಾಯಿ ತೆರೆದುಕೊಂಡು ಕೂತೆ. ಕೊನೆಯ ಸ್ವರ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ವಿಡಿಯೋದಲ್ಲಿ ರಕ್ಷಿತಾ ನಿಂತ ಹಾಗೆಯೇ ನಾನು ಕೂತಿದ್ದೆ ಎಂದು ಆ ಕ್ಷಣಕ್ಕೇ ಹೊಳೆಯಿತು. ಎದುರುಮನೆಯ ನಾಯಿ ಕೂಡ ತಲೆಯೆತ್ತಿತು.

"ಹನ್ನೊಂದು ಸೆಕೆಂಡ್ ಕಣಾ," ಎಂದ ಧರ್ಮಪ್ಪ. "ನಾನೂ ಎಣ್ಸಿದೀನಿ. ನಿಂಗೆ ಸಮ ಬೇಕಿತ್ತು, ಅದಕ್ಕೆ ಕಾದೆ. ಮೂವತ್ತು ವರ್ಷ ಪಕ್ಕದಲ್ಲಿ ಕೂತವ ನಾನು, ನಂಗೆ ಗೊತ್ತಾಗೋದಿಲ್ವೇನಾ?"

ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ನನಗೇ ಅಳುಮುಂಜಿಯದಾಗಿ ಕೇಳಿಸಿತು. ತಾನು ಸೋತ ತಂಡದ ಕೋಚು, ತಾನು ಹೇಳಿದರೆ ಜಗಳವಾಗುತ್ತದೆ, ನೀನು ಹೇಳಿದರೆ ಮಾತ್ರ ಅದು ಮಾತಾಗುತ್ತದೆ ಎಂದ. ಮುಷ್ಟಿ ಎತ್ತಿ ಅವಳ ಗ್ಲೌಸು ಬಿಚ್ಚಿಸಿದವನು ತಾನು ಎಂದು ಅವಳ ಮನೆಗೇ ಹೋಗಿ ಹೇಳಿ ಬಂದಿದ್ದನಂತೆ. ಅದಕ್ಕೆ ಅವಳು, ಹಾಗಾದರೆ ಇಬ್ಬರೂ ಸೇರಿ ತಪ್ಪು ಎಣಿಸಿದೆವು ಎಂದಳಂತೆ. ರೆಫ್ರಿ ಮೇಷ್ಟ್ರು ಸುಳ್ಳು ಹೇಳುವುದಿಲ್ಲವಲ್ಲ ಎಂದೂ ಹೇಳಿದಳಂತೆ. ಇಷ್ಟು ಹೇಳಿ ಅವನು ತಬಲಕ್ಕೆ ಬಟ್ಟೆ ಹೊದಿಸತೊಡಗಿದ.

"ಕಪ್ಪು ನಿಮ್ಮ ಊರವ್ರೇ ಇಟ್ಕೊಳ್ಳಲಿ ಮಾರಾಯ. ಆ ಹುಡುಗಿಗೆ ಎಣ್ಸಕ್ಕೆ ಬರ್ತದೆ ಅಂತ ಹೇಳು, ಸಾಕು."

ಮುಂದೇನಾಯಿತು ಎಂಬುದರಲ್ಲಿ ಕಹಿಯಾದ ಭಾಗವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಗಲ್ಲಿನ ಗೆಳೆಯರು ಕೆಲವರು ಇವತ್ತಿಗೂ ಮಾತಾಡುವುದಿಲ್ಲ. ಗೆದ್ದ ಹುಡುಗಿಯರ ಸಂತೋಷಕ್ಕೆ ಮಣ್ಣು ಹಾಕಿದ ಎಂಬ ಸಿಟ್ಟು, ಅದರಲ್ಲಿ ನ್ಯಾಯವೂ ಇದೆ. ರೆಫ್ರಿಯ ತೀರ್ಮಾನ ಬದಲಾಗುವಂತಿಲ್ಲವಾದ್ದರಿಂದ ಕಪ್ಪು ಕಾರ್ಗಲ್ಲಿನಲ್ಲೇ ಇದೆ. ನಾನು ಊಹಿಸಿದ್ದ ಮಾತುಗಳಲ್ಲಿ ಅರ್ಧವನ್ನು ಜನ ಆಡಿಯೇ ಆಡಿದರು. ಊಹಿಸದ ಒಂದೆರಡನ್ನೂ ಸೇರಿಸಿದರು. ಈ ವರ್ಷ ನನ್ನನ್ನು ಸೀಟಿ ಊದಲು ಯಾರೂ ಕರೆದಿಲ್ಲ.

ಧರ್ಮಪ್ಪ ಬಂದುಹೋದ ಮುಂದಿನ ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಹೊಸನಗರ ದಾಟಿ ತೀರ್ಥಹಳ್ಳಿ ಮುಟ್ಟಿದೆ. ಯಾರ ಜಗುಲಿಯಲ್ಲೂ ನಿಲ್ಲಲಿಲ್ಲ. ಮೈದಾನದಲ್ಲಿ ಅಭ್ಯಾಸ ಮುಗಿದು ಹುಡುಗಿಯರು ಮರದ ಕೆಳಗೆ ತಿಂಡಿಯ ಡಬ್ಬಿ ಬಿಚ್ಚುತ್ತಿದ್ದರು. ರಕ್ಷಿತಾ ಚೂಡಿದಾರದಲ್ಲಿ ಬಂದು ಒಂದು ಪಕ್ಕ ಕೂತಿದ್ದಳು. ಆಡಬೇಡ, ಬಂದು ಕೂತರೆ ಸಾಕು ಎಂದು ಧರ್ಮಪ್ಪ ಕರೆಸಿದ್ದ. ನಾನು ಮೊಬೈಲನ್ನು ತಂಡದ ಒಬ್ಬಳ ಕೈಗೆ ಕೊಟ್ಟು, ಇದನ್ನು ಹಿಡಿ, ಆ ವಿಡಿಯೋ ಹೋದಲ್ಲೆಲ್ಲ ಇದನ್ನೂ ಕಳಿಸು ಎಂದೆ. ಸಾವಿರ ಜನರ ಮುಂದೆ ಭಾಷಣ ಮಾಡಿದವನಿಗೆ ಹದಿನಾರು ಹುಡುಗಿಯರ ಮುಂದೆ ಬಾಯಿ ಒಣಗಿತು.

"ಫೈನಲ್ ಗೋಲು ಬಿದ್ದಿದ್ದು ಟೈಮ್ ಮುಗಿದು ಹನ್ನೊಂದು ಸೆಕೆಂಡ್ ಆದ ಮೇಲೆ. ಸೀಟಿ ಊದದೆ ಇದ್ದಿದ್ದು ನನ್ನ ತಪ್ಪು. ರಕ್ಷಿತಾ ಎಣಿಸಿದ್ದು ಸರಿ ಇತ್ತು."

ಅಷ್ಟೇ ಹೇಳಿದೆ. ಧರ್ಮಪ್ಪ ನನ್ನ ಮುಖ ನೋಡುತ್ತ ಕಾಯುತ್ತಿದ್ದ. 'ಕೊನೆಯದಾಗಿ ಒಂದು ಮಾತು' ಬರುತ್ತದೆ ಎಂದು ಆಗಲೇ ಒಂದು ಬೆರಳು ಮಡಿಸಿದ್ದ. ಬರಲಿಲ್ಲ. ಅವನು ಬೆರಳನ್ನು ಮೆಲ್ಲಗೆ ಬಿಡಿಸಿದ.

ರಕ್ಷಿತಾ ಎದ್ದು ನಿಂತಳು. ಸಂತೋಷವಾಗಲಿ ಸಮಾಧಾನವಾಗಲಿ ಮುಖದಲ್ಲಿ ಕಾಣಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಅವತ್ತು ಊಟಕ್ಕೆ ಕೂತಾಗ್ಲೂ ನಿಮ್ಗೆ ಗೊತ್ತಿತ್ತಾ ಸರ್?"

ಗೊತ್ತಿತ್ತು ಎಂದೆ.

ಅವಳು ತಿರುಗಿ ಮರದ ಆ ಬದಿಗೆ ಹೋದಳು. ವಿಡಿಯೋ ಹಿಡಿಯುತ್ತಿದ್ದವಳು ಮೊಬೈಲನ್ನು ನನ್ನ ಕೈಗೆ ವಾಪಸು ಕೊಟ್ಟಳು. ಇನ್ನು ಹೊರಡುವ ಹೊತ್ತು ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಹೊರಡದೆ ಅಲ್ಲೇ ಮರದ ಬೇರಿನ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಕೂತೆನೋ. ಪಕ್ಕದಲ್ಲಿ ಯಾರೋ ಬಂದು ಕೂತ ಹಾಗಾಯಿತು. ರಕ್ಷಿತಾ ತನ್ನ ಡಬ್ಬಿ ತಂದಿದ್ದಳು. ಚಿತ್ರಾನ್ನ. ಮುಚ್ಚಳ ತೆಗೆದು ಅದರಲ್ಲಿ ಅರ್ಧ ಹಾಕಿ ನನ್ನ ಮುಂದಿಟ್ಟಳು.

ಇದೇಕಮ್ಮ ಎಂದೆ.

"ರೂಲ್ಸ್ ಇದೆಯಲ್ಲ ಸರ್. ಸೋತವ್ರ ಪಕ್ಕ ಕೂತು ಊಟ ಮಾಡ್ಬೇಕು."

ಅವಳು ತಿನ್ನತೊಡಗಿದಳು, ಹಸಿದವರ ಹಾಗೆ. ನಾನು ಒಂದು ತುತ್ತು ಬಾಯಿಗಿಟ್ಟೆ. ಆಮೇಲೆ ಮುಚ್ಚಳದಲ್ಲಿ ಅನ್ನವನ್ನು ಅತ್ತ ಇತ್ತ ದೂಡುತ್ತ ಕೂತೆ. ಅವಳು ಓರೆಗಣ್ಣಿನಲ್ಲಿ ನೋಡಿದಳು.

"ನಿಧಾನ ತಿನ್ನಿ ಸರ್," ಎಂದಳು. "ಟೈಮ್ ಇದೆ."